ಪೋಷಕತ್ವಕ್ಕೆ ಬಂದ ಮಕ್ಕಳಿಗೆ ಅಡುಗೆ ಕಲಿಸುವ ಮುಂಚೆ

ಹದಿನಾಲ್ಕು ಹದಿನೈದರ ಮಗು ಪೋಷಕತ್ವದ (ಫಾಸ್ಟರ್ ಕೇರ್) ಮೇಲೆ, ಅಂದರೆ ದತ್ತು ಅಲ್ಲದೆ ಸರ್ಕಾರದ ವ್ಯವಸ್ಥೆಯಲ್ಲಿ ಸಾಕಲು ಒಪ್ಪಿಸಿದ ಮಗುವಾಗಿ, ನಿಮ್ಮ ಮನೆಗೆ ಬಂದಿದ್ದರೆ ಅಡುಗೆ ಕಲಿಸಿ. ಆದರೆ ಕಲಿಸೋದೇ ಬೇರೆ, ದುಡಿಸೋದೇ ಬೇರೆ. ನಿಮ್ಮ ಮಗ ಮೊಬೈಲ್ ಹಿಡಿದು ಕೂತು, ಬಂದ ಹುಡುಗಿ ಒಬ್ಬಳೇ ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದರೆ ಅದಕ್ಕೆ ಕಲಿಕೆ ಅಂತ ಹೆಸರಿಡಬೇಡಿ. ಇಬ್ಬರನ್ನೂ ಹಿಟ್ಟಿನ ಮುಂದೆ ಕೂರಿಸಿ. ಮಾಡಿದವರಿಗೇ ಮೊದಲ ಬಿಸಿ ರೊಟ್ಟಿ.

18 ತುಂಬಿದರೆ ಪೋಷಕತ್ವ ಮುಗಿಯಿತು. ಬಾಲಮಂದಿರದಂಥ ಮಕ್ಕಳ ಪಾಲನಾ ಸಂಸ್ಥೆ ಬಿಟ್ಟು ಬಂದವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಆಮೇಲೂ 21ರವರೆಗೆ ನೆರವು ಕೊಡಲು ಅವಕಾಶ ಇದೆ ಅನ್ನಿ, ಆದರೂ ವಿಜಯಪುರದಲ್ಲೋ ಬೆಳಗಾವಿಯಲ್ಲೋ ಒಂದು ರೂಮು ಹಿಡಿದು ಇರುವ ಹುಡುಗ ಎರಡು ಹೊತ್ತೂ ಖಾನಾವಳಿಯಲ್ಲಿ ಉಂಡರೆ ಸಂಬಳದಲ್ಲಿ ಏನು ಉಳಿಯುತ್ತದೆ?

ಬಾಲಮಂದಿರದಲ್ಲಿ ಬೆಳೆದವರಿಗೆ ಗಂಟೆ ಹೊಡೆದರೆ ತಟ್ಟೆ ಹಿಡಿಯುವುದು ರೂಢಿ. ಅಡುಗೆ ದೊಡ್ಡ ಪಾತ್ರೆಗಳಲ್ಲಿ ಆಗುತ್ತದೆ, ಮಾಡುವವರು ಬೇರೆ. ಇಬ್ಬರಿಗೆ ಎಷ್ಟು ಅಕ್ಕಿ ಅಂದರೆ ತಬ್ಬಿಬ್ಬಾಗುತ್ತಾರೆ. ನಗಬೇಡಿ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಒಂದು ಲೋಟ ತೊಗರಿಬೇಳೆಗೆ ಮೂರು, ಅಳತೆಗೆ ಯಾವಾಗಲೂ ಅದೇ ಲೋಟ. ಅಳತೆ ಕೈಗೆ ಹತ್ತಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಮೊದಲ ಪಲ್ಯಕ್ಕೆ ಝುಣಕ ಸಾಕು. ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಅರಿಶಿನ, ಉಪ್ಪು ಹಾಕಿ, ನೀರು ಕುದಿಯುವಾಗ ಕಡಲೆಹಿಟ್ಟನ್ನು ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಬೇಕು. ಒಮ್ಮೆಲೇ ಸುರಿದರೆ ಗಂಟು. ಆಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಡಿ, ಹಿಟ್ಟಿನ ಹಸಿ ವಾಸನೆ ಹೋಗಲಿ. "ನಿಮ್ಮವ್ವ ಎಲ್ಲಿದ್ದಾಳೆ" ಅಂತ ಕೆದಕುವುದಕ್ಕಿಂತ "ನಿಮ್ಮ ಕಡೆ ಇದಕ್ಕೆ ಬೆಳ್ಳುಳ್ಳಿ ಜಾಸ್ತಿ ಹಾಕ್ತಿದ್ರೇನಪ್ಪಾ" ಅಂತ ಕೇಳಿ ನೋಡಿ. ಹೇಳಬೇಕು ಅನಿಸಿದರೆ ತಾನೇ ಹೇಳುತ್ತದೆ. "ನಮ್ಮವ್ವ ಹಿಂಗ ಮಾಡ್ತಿರಲಿಲ್ಲ" ಅಂದರೆ, ಅವ್ವನ ಹಾಗೇ ಮಾಡಲಿ, ನೀವು ಸುಮ್ನೆ ಉಣ್ಣಿ.

ರೊಟ್ಟಿ ಸ್ವಲ್ಪ ತಡವಾಗಿ ಬರುತ್ತದೆ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟು ಇಲ್ಲ, ಅದಕ್ಕೇ ಕುದಿಯುವ ಎಸರು ಬೇಕು. ನಡುವೆ ಗುಳಿ ಮಾಡಿ ಎಸರು ಹಾಕಿ ಚಮಚದಲ್ಲಿ ಕಲಸಲಿ, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಲಿ. ಅಂಚು ಸೀಳಿದರೆ ನಾದಿದ್ದು ಸಾಲದು, ಇಲ್ಲವೇ ಹಿಟ್ಟು ಹಳೆಯದು. ಗಿರಣಿಯಿಂದ ಸ್ವಲ್ಪ ಸ್ವಲ್ಪವೇ ಹಾಕಿಸಿ ತನ್ನಿ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲಿನ ಮೈಗೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ಆ ನೀರು ಆರಿದಾಗ ತಿರುವಬೇಕು. ಶುರುವಿನ ರೊಟ್ಟಿಗಳು ನಕಾಶೆ ಥರ ಇರುತ್ತವೆ, ಹೊಟ್ಟೆಗೆ ಆಕಾರ ಗೊತ್ತಾಗಲ್ಲ.

ಕೆಲವು ಮಕ್ಕಳು ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತಾರೆ. ಅದನ್ನು ಕಳ್ಳತನ ಅನ್ನಬೇಡಿ, ಹಸಿವು ಕಂಡ ಮಗು ನಾಳೆಯನ್ನು ನಂಬುವುದಿಲ್ಲ. ಬೈದರೆ ಬಚ್ಚಿಡುವ ಜಾಗ ಬದಲಾಗುತ್ತದೆ ಅಷ್ಟೇ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ತುಂಬಿದ ಒಂದು ಡಬ್ಬಿ ಅವರದೇ ಅಂತ ಇಡಿ. ಒಣಗಿದ್ದು, ಬಹಳ ದಿನ ಕೆಡಲ್ಲ. ನಡುರಾತ್ರಿ ತೆಗೆದು ತಿಂದರೂ ಯಾಕೆ ಅಂತ ಕೇಳಬೇಡಿ. ಖಾಲಿಯಾದರೆ ತುಂಬಿಸಿ, ಆ ಪುಡಿ ಮಾಡುವುದನ್ನೂ ಅವರಿಗೇ ಕಲಿಸಿ.

ಗ್ಯಾಸಿನ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಕುಕ್ಕರಿನ ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬಾರದು. ಗ್ಯಾಸ್ ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಬಾರದು, ತೆಗೆಯಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಇದನ್ನು ಬಾಯಿಪಾಠ ಮಾಡಿಸಿ.

ಇಷ್ಟಾದ ಮೇಲೆ ವಾರದ ಸಂತೆಗೆ ಚೀಲ, ದುಡ್ಡು ಕೊಟ್ಟು ಒಬ್ಬರನ್ನೇ ಕಳಿಸಿ. ಬದನೆಕಾಯಿ ಹುಳುಕು ಬರಬಹುದು, ಮೆಂತ್ಯಕ್ಕೆ ಜಾಸ್ತಿ ದುಡ್ಡು ಕೊಟ್ಟು ಬರಬಹುದು, ಬರಲಿ. ಮುಂದಿನ ವಾರವೂ ಅವರನ್ನೇ ಕಳಿಸಿ, ತಂದದ್ದರಲ್ಲೇ ಅವತ್ತಿನ ಅಡುಗೆ ಆಗಲಿ.