ಉಪ್ಪು ಸೊಳೆ: ಭರಣಿ ಬಿಟ್ಟು ಬಕೆಟಿಗೆ ಬಂದ ಲೆಕ್ಕ

10 ಲೀಟರಿನ ಬಕೆಟಿನಲ್ಲಿ, ಭರಣಿಗಿಂತ ಕಡಿಮೆ ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವ ಮೊದಲೇ ಗೊಬ್ಬರಗುಂಡಿ ಸೇರುತ್ತದೆ ಎಂದವರೇ ಹೆಚ್ಚು. ತುಳಸಿ ಪೂಜೆಯೂ ಮುಗಿಯಿತು. ಕೊನೆಯ ಬಕೆಟಿನ ಸೊಳೆ ಈಗಲೂ ಕಚ್ಚಿದರೆ ಗಟ್ಟಿ. ಅದಕ್ಕೇ ಬರೆಯುತ್ತಿದ್ದೇನೆ.

ಪುತ್ತೂರು, ಸುಳ್ಯದ ಕಡೆ ಕ್ರಮವೇನೆಂದು ಗೊತ್ತೇ ಇದೆ: ಒಂದು ದೊಡ್ಡ ಭರಣಿ, ನಾಲ್ಕೈದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು. ಇದರಲ್ಲಿ ಸೊಳೆ ಹಾಳಾಗುವುದು ಉಪ್ಪು ಸಾಲದೆ ಅಲ್ಲ, ವಾರವಾರ ಬಾಯಿ ತೆರೆದು. ಒದ್ದೆ ಕೈ ಹೋಗುತ್ತದೆ, ಮೇಲಿನ ಸೊಳೆ ಉಪ್ಪುನೀರಿನಿಂದ ಮೇಲೆದ್ದು ನಿಲ್ಲುತ್ತದೆ, ಬಿಳಿ ಪೊರೆ ಕಟ್ಟುತ್ತದೆ, ಅಲ್ಲಿಂದ ಕೆಳಗೆ ಮೆತ್ತಗಾಗುತ್ತಾ ಹೋಗುತ್ತದೆ. ಆ ಹೆದರಿಕೆಗೆ ಉಪ್ಪು ಸುರಿಯುವುದು, ಮತ್ತೆ ಆ ಉಪ್ಪು ಬಿಡಿಸಲು ಇಡೀ ದಿನ ನೆನೆಹಾಕುವುದು. ರುಚಿಯೆಲ್ಲ ನೀರಿಗೆ, ನಾರು ಬಾಯಿಗೆ.

ಆರು ಜನರ ಮನೆ, ವಾರಕ್ಕೊಮ್ಮೆ ಒಂದೂಕಾಲು, ಒಂದೂವರೆ ಕಿಲೋ ಎಂದು ಹಿಡಿದರೆ ಜೂನ್ ನಡುವಿನಿಂದ ನವೆಂಬರ್‌ವರೆಗೆ ಸುಮಾರು 30 ಕಿಲೋ ಬೇಕು. ನೆಂಟರಿಗೂ ಸೇರಿಸಿ 35. ಒಂದು ಬಕೆಟಿಗೆ 7 ಕಿಲೋ ಹಿಡಿಯುತ್ತದೆ, ಐದು ಬಕೆಟು. ಒಂದು ತೆರೆದರೆ ಸುಮಾರು ಐದು ವಾರದಲ್ಲಿ ಖಾಲಿ, ಉಳಿದ ನಾಲ್ಕು ಮುಟ್ಟುವುದಿಲ್ಲ. ಉಪ್ಪನ್ನೂ ತೆರೆಯುವ ಸರದಿಗೆ ತಕ್ಕಂತೆ ತೂಗಿ ಹಾಕುತ್ತೇನೆ: ಮೊದಲು ತೆರೆಯುವುದಕ್ಕೆ ಹತ್ತಕ್ಕೊಂದು, ಅಂದರೆ 700 ಗ್ರಾಂ, ನಡುವಿನ ಮೂರಕ್ಕೆ ಎಂಟಕ್ಕೊಂದು, ತಲಾ 900 ಗ್ರಾಮಿನ ಹತ್ತಿರ, ಕೊನೆಯದಕ್ಕೆ ಆರಕ್ಕೊಂದು, 1.2 ಕಿಲೋ. ಮುಚ್ಚಳದ ಮೇಲೆ ಸಂಖ್ಯೆ ಬರೆಯದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಬಕೆಟು ಬೇಕರಿಯವರ ಹಳತು, 70 ರೂಪಾಯಿಗೆ ಸಿಕ್ಕಿದ್ದು. ಪೈಂಟಿನದ್ದು ಬೇಡವೇ ಬೇಡ. ಮೊಸರಿನದ್ದು ಎಷ್ಟು ಬಿಸಿಲಿಗಿಟ್ಟರೂ ವಾಸನೆ ಬಿಡುವುದಿಲ್ಲ.

ಕಾಯಿ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಇಳಿಸಬೇಕು. ಮಳೆ ಬಿದ್ದ ಮೇಲೆ ಸೊಳೆ ನೀರುನೀರು. ಗಟ್ಟಿ ಸೊಳೆಯ ಬಕ್ಕೆ ಹಲಸೇ ಆಗಬೇಕು, ಮೆತ್ತಗಿನ ಸೊಳೆಯ ತುಳುವ ಎರಡು ತಿಂಗಳಲ್ಲಿ ಪಾಯಸ. ಸಿದ್ದು ತಳಿ ನೆಟ್ಟವರು ಕೇಳುವುದುಂಟು: ಅದು ಸಣ್ಣ ಕಾಯಿ, ಹಣ್ಣು ತಿನ್ನಲಿಕ್ಕಿರುವುದು, ಉಪ್ಪಿಗೆ ಹಾಕುವುದು ದಂಡ. ಚೆನ್ನಾಗಿ ಬಲಿತು, ಸೊಳೆ ಇನ್ನೂ ಬಿಳಿಯಾಗಿ, ಒಳಗೆ ಬೇಳೆಯ (ಬೀಜದ) ಸಿಪ್ಪೆ ಗಟ್ಟಿಯಾಗಿರಬೇಕು. ಹಳದಿ ತಿರುಗಿದ ಒಂದು ಕಾಯಿ ಸೇರಿದರೆ ಬಕೆಟೇ ಹುಳಿ. ಎಂಟೊಂಬತ್ತು ಕಿಲೋದ ಹದಿಮೂರು, ಹದಿನಾಲ್ಕು ಕಾಯಿಗೆ ಐದೂ ತುಂಬಿತು. ಗೂಂಜು (ನಡುವಿನ ದಿಂಡು), ಸಾರೆ (ಸುತ್ತಲಿನ ನಾರು) ತೆಗೆದು ಸೊಳೆಯನ್ನು ಉದ್ದಕ್ಕೆ ಎರಡೇ ಹೋಳು. ಇಡಿಯಾಗಿ ಹಾಕಿದರೆ ಬುಡಕ್ಕೆ ಉಪ್ಪು ಇಳಿಯದೆ ಒಳಗಿಂದ ಕೊಳೆಯುತ್ತದೆ, ಸಣ್ಣಗೆ ಹೆಚ್ಚಿದರೆ ಕರಗುತ್ತದೆ. ಕಬ್ಬಿಣದ ಕತ್ತಿಯಾದರೆ ಕಪ್ಪು ಕಲೆ, ಹಾಗಾಗಿ ಸ್ಟೀಲ್ ಚೂರಿ. ತೊಳೆಯಲೇಬಾರದು.

ಪದರಪದರವಾಗಿ ಉಪ್ಪು ಉದುರಿಸಿ ಮುಷ್ಟಿಯಿಂದ ಒತ್ತಿ ತುಂಬಿ, ಮೇಲಿನ ಪದರಕ್ಕೆ ಒಂದು ಹಿಡಿ ಹೆಚ್ಚು. ಮೂರು ದಿನದಲ್ಲಿ ನೀರು ಬಿಡುತ್ತದೆ. ನಾಲ್ಕನೇ ದಿನವೂ ಸೊಳೆ ಮುಳುಗದಿದ್ದರೆ ಕುದಿಸಿ ಆರಿಸಿದ ಉಪ್ಪುನೀರು ಎರೆಯಬೇಕು, ಬರೀ ನೀರಲ್ಲ. ಮೇಲೆ ಅಡ್ಡಡ್ಡ ತೆಂಗಿನ ಕಡ್ಡಿ, ಅದರ ಮೇಲೆ ತೊಳೆದು ಒಣಗಿಸಿದ ಹೊಳೆಕಲ್ಲು. ಕಡ್ಡಿಗೂ ಸೊಳೆಗೂ ನಡುವೆ ಒಂದು ಎಲೆ ಹಾಸುತ್ತೇನೆ. ಯಾವ ಎಲೆ ಎಂದು ಬರೆಯುವುದಿಲ್ಲ, ಮನೆಗೆ ಬಂದವರು ನೋಡಿಕೊಳ್ಳಲಿ. ಮೊದಲ ವಾರ ಗುಳ್ಳೆ ಏಳುತ್ತದೆ, ಮುಚ್ಚಳ ಬಿಗಿ ಮಾಡಿದರೆ ಉಬ್ಬುತ್ತದೆ. ಗುಳ್ಳೆ ನಿಂತ ಮೇಲೆಯೇ ಬಿಗಿ. ತುಸು ಹುಳಿ ಬಂದರೆ ಕೆಟ್ಟಿದೆ ಎಂದಲ್ಲ. ಲೋಳೆ, ಗುಲಾಬಿ ಬಣ್ಣ, ಕೊಳೆತ ವಾಸನೆ ಕಂಡರೆ ಯೋಚಿಸದೆ ಚೆಲ್ಲಿ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಖಾಲಿಯಿದ್ದಾಗ ಸೊಳೆ ಒಣಗಿಸಿಯೂ ನೋಡಿದೆ. 10 ಕಿಲೋ ಹಾಕಿದ್ದು ಎರಡೂವರೆಗೆ ಇಳಿಯಿತು. ಹಸಿಯಾಗಿ ಒಣಗಿಸಿದ್ದು ಕಂದು, ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿದ್ದು ಬಿಳಿ. ಪಲ್ಯಕ್ಕೆ ಅಡ್ಡಿಯಿಲ್ಲ, ರೊಟ್ಟಿಗೆ ಆಗದು. ಬೇಳೆಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡಿದೆವು. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬಕೆಟಿನ ಅಗತ್ಯವೇ ಇಲ್ಲ.

ದುಡ್ಡಿನ ಮಾತು. ಬಕೆಟು 350, ಉಪ್ಪು ನೂರರ ಆಚೀಚೆ, ಕೈಗೆ ಹಚ್ಚಲು ತೆಂಗಿನೆಣ್ಣೆ ಮನೆಯದು, ಎರಡು ದಿನದ ಆಳು ಸುಮಾರು 1,200. ಮಳೆಗಾಲದ ತರಕಾರಿ ಕಿಲೋಗೆ 60 ಎಂದುಕೊಂಡರೂ ಮೊದಲ ವರ್ಷ ಉಳಿಯುವುದು ಅಷ್ಟಕ್ಕಷ್ಟೆ. ಲಾಭ ಬಂದದ್ದು ಹೆಚ್ಚಿಗೆ ಹಾಕಿದ ಎರಡು ಬಕೆಟಿನಿಂದ: ಬೆಂಗಳೂರಿನವರು ಕಿಲೋಗೆ 150ರಂತೆ ಚೌಕಾಸಿ ಮಾಡದೆ ಒಯ್ದರು.

ಎಂಟಕ್ಕೊಂದರ ಸೊಳೆಗೆ ರಾತ್ರಿ ನೆನೆಹಾಕಿ, ಎರಡು ಸಲ ನೀರು ಬದಲಿಸಿ, ಹಿಂಡಿದರೆ ಸಾಕು. ಅವಸರವಿದ್ದರೆ ಉಗುರು ಬೆಚ್ಚಗಿನ ನೀರು. ಉಂಡ್ಲಕಾಳಿಗೆ (ಎಣ್ಣೆಯಲ್ಲಿ ಕರಿದ ಸಣ್ಣ ಉಂಡೆ) ಬೆಳ್ತಿಗೆ ಅಕ್ಕಿ (ಬಿಳಿ ಅಕ್ಕಿ), ಸೊಳೆ ಸಮಪಾಲು, ನೀರು ಹಾಕದೆ ಗಟ್ಟಿಯಾಗಿ ರುಬ್ಬಬೇಕು. ಹಿಟ್ಟು ಸಡಿಲವಾದರೆ ಎಣ್ಣೆಯಲ್ಲಿ ಸಿಡಿಯುತ್ತದೆ, ಪಕ್ಕದಲ್ಲಿ ಯಾರೂ ನಿಲ್ಲಬೇಡಿ. ಬಕೆಟಿನಲ್ಲಿ ಉಳಿದ ಉಪ್ಪುನೀರನ್ನು ಅಡಿಕೆ ಬುಡಕ್ಕೆ ಹೋಗದಂತೆ ಅಂಗಳದಂಚಿನ ಕಳೆಗೆ ಸುರಿಯಿರಿ.