ಹಳೇ ಕಾರಿನ ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದರೆ

ಮೊದಲು ಇಗ್ನಿಷನ್ ಆನ್ ಮಾಡಿ, ಟೆಂಪರೇಚರ್ ಮುಳ್ಳನ್ನೂ ನೋಡಿ. ಎರಡೂ ಕೈಕೊಟ್ಟಿದ್ದರೆ ಟ್ಯಾಂಕ್ ಮುಟ್ಟಬೇಡಿ. ಫ್ಯೂಸ್ ಅಥವಾ ಮೀಟರಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ (ಮುಳ್ಳುಗಳಿಗೆ ಒಂದೇ ಸಮ ವೋಲ್ಟೇಜ್ ಕೊಡುವ ಭಾಗ) ಹೋಗಿರುತ್ತದೆ.

ಪೆಟ್ರೋಲಿನದೊಂದೇ ಕೆಟ್ಟಿದ್ದರೆ, ಮಂಡ್ಯದ ಕಬ್ಬಿನ ಗದ್ದೆ ದಾರಿಗಳಲ್ಲಿ ಓಡುವ ಗಾಡಿಗೆ ಮೊದಲ ಅನುಮಾನ ಟ್ಯಾಂಕಿನ ಸೆಂಡರ್ (ಪೆಟ್ರೋಲ್ ಮಟ್ಟ ಅಳೆದು ಮೀಟರಿಗೆ ತಿಳಿಸುವ ಭಾಗ) ಕಡೆಯಿಂದ ಗಾಡಿಯ ಬಾಡಿಗೆ ಹೋಗುವ ಅರ್ತ್ ವೈರ್ ಮೇಲೆಯೇ. ಕೆಸರು ಕೂತು ಸ್ಕ್ರೂ ತುಕ್ಕು ಹಿಡಿಯುತ್ತದೆ. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ, ಹೊಸ ಸೆಂಡರ್ ದುಡ್ಡು ಉಳಿಯುತ್ತದೆ.

ಇಲ್ಲದಿದ್ದರೆ ಸೆಂಡರ್ ವೈರ್ ಕಳಚಿ, 12 ವೋಲ್ಟ್ 3.4 ವ್ಯಾಟ್ ಬಲ್ಬಿನ ಮೂಲಕ ಅರ್ತ್‌ಗೆ ಮುಟ್ಟಿಸಿ. ನೇರ ಮುಟ್ಟಿಸಿದರೆ ಮೀಟರ್ ಸುಡಬಹುದು. ಮಾರುತಿ 800ರಲ್ಲಿ ಮುಳ್ಳು ‘ಎಫ್’ ಕಡೆ ನಿಧಾನವಾಗಿ ಏರಬೇಕು. ಒಂದು ನಿಮಿಷ ಕಾಯಿರಿ. ಏರಿದರೆ ಮೀಟರ್ ಸರಿ, ದೋಷ ಸೆಂಡರ್‌ನದು. ಅಲುಗದಿದ್ದರೆ ವೈರ್ ತುಂಡಾಗಿದೆ ಅಥವಾ ಮೀಟರ್ ಕೆಟ್ಟಿದೆ.

ಸೆಂಡರ್ ತೆಗೆಯುವುದಾದರೆ ಬಯಲಿನಲ್ಲಿ, ಬ್ಯಾಟರಿ ಕಳಚಿ, ಟ್ಯಾಂಕ್ ಬಹುಪಾಲು ಖಾಲಿ ಮಾಡಿಯೇ ತೆಗೆಯಿರಿ. ಮಲ್ಟಿಮೀಟರ್ ಹಚ್ಚಿ ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಭಾಗ) ತೋಳನ್ನು ಮೆಲ್ಲಗೆ ಎತ್ತಿ. ಓಮ್ ಒಂದೇ ಸಮ ಇಳಿಯಬೇಕು. ಮಧ್ಯೆ ಹಾರಿದರೆ ಒಳಗಿನ ತಂತಿ ಸವೆದಿದೆ. ಫ್ಲೋಟ್ ಅಲ್ಲಾಡಿಸಿದಾಗ ಪೆಟ್ರೋಲ್ ಕುಲುಕಿದರೆ ತೂತಾಗಿದೆ ಎಂದರ್ಥ, ಮುಳ್ಳು ‘ಇ’ ಬಿಟ್ಟು ಏಳುವುದಿಲ್ಲ. ಜೋಡಿಸುವಾಗ ಗ್ಯಾಸ್ಕೆಟ್ ಹೊಸದೇ ಹಾಕಿ.