ಕ್ರಿಸ್‌ಮಸ್‌ಗೆ ಮುಂಚೆ ಒಂದು ದಿನ ಮನೆಗೆ: ಗ್ಯಾಸ್, ಗೋದಲಿ, ಮೇಣದಬತ್ತಿ ನೋಡಿಕೊಳ್ಳುವುದು ಹೇಗೆ?

ಅಕ್ಟೋಬರ್ ಕಥೋಲಿಕರಾದ ನಮಗೆ ಜಪಮಾಲೆಯ ತಿಂಗಳು. ಮಾತೆ ಮರಿಯಳ ಸ್ವರೂಪ ದಿನಕ್ಕೊಂದು ಮನೆಗೆ ಹೋಗುತ್ತದೆ, ಹಿಂದೆಯೇ ನಾವೂ ಹೋಗುತ್ತೇವೆ. ಜಪ ಮುಗಿದ ಮೇಲೆ ಟೀ, ಮಂಡಕ್ಕಿ, ಬಿಸಿ ಮೆಣಸಿನಕಾಯಿ. ನಾಲ್ಕು ಜನಕ್ಕೆ ಕೈಜೋಡಿಸೋಣ ಅಂತ ನಾನು ಸೀದಾ ಅಡುಗೆಮನೆಗೆ ಹೋಗುತ್ತೇನೆ. ಹಾಗಾಗಿ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಎಲ್ಲಿದೆ, ಟ್ಯೂಬ್ ಹೇಗಿದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ಹೋದ ವರ್ಷ ಒಂದು ಮನೆಯಲ್ಲಿ ಆಗಷ್ಟೇ ಹೊಸ ಸಿಲಿಂಡರ್ ಹಾಕಿದ್ದರು. ಸಣ್ಣಗೆ ವಾಸನೆ ಬರುತ್ತಿತ್ತು. ಆ ಮನೆಯ ಹುಡುಗ ಬೆಂಕಿಪೊಟ್ಟಣ ತೆಗೆದುಕೊಂಡು ರೆಗ್ಯುಲೇಟರ್ ಹತ್ತಿರ ಬಗ್ಗಿದ. ಕಡ್ಡಿ ಗೀರಿ ನೋಡಿದರೆ ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದಂತೆ. ಕೈ ಹಿಡಿದು ನಿಲ್ಲಿಸಿದೆ. ಅವನ ತಾಯಿ, ‘ಏನೂ ಆಗಂಗಿಲ್ಲ ಬಿಡ್ರಿ ಅಕ್ಕಾ, ಮಾತೆ ಮನಿಗೆ ಬಂದಾಳ’ ಅಂದರು.

ಅವರು ನಂಬಿಕೆಯಿಂದಲೇ ಹೇಳಿದ ಮಾತು ಅದು. ಆದರೆ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ನೆನಪಿಸಿಕೊಳ್ಳಿ. ಸೈತಾನ ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂದಾಗ ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು. ಧರ್ಮೋಪದೇಶಕಾಂಡ 22:8 ಇನ್ನೂ ನೇರವಾಗಿದೆ. ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವರದು. ಮಾಳಿಗೆಗೆ ಅಡ್ಡಗೋಡೆ ಹೇಗೋ, ಅಡುಗೆಮನೆಗೆ ಸೋಪಿನ ನೀರಿನ ಪರೀಕ್ಷೆ ಹಾಗೆ.

ನವೆಂಬರ್ ಕೊನೆಯ ಒಂದು ಶನಿವಾರ ಇದಕ್ಕೆ ಸಾಕು. ಮನೆಯವರೆಲ್ಲ ಇದ್ದಾಗ ಮಾಡಿ.

ಮೊದಲು, ಸಿಲಿಂಡರ್ ಬಂದಾಗ

ಬಾಗಿಲಲ್ಲೇ ನೋಡಿ. ಸೀಲ್ ಗಟ್ಟಿಯಾಗಿರಬೇಕು. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ‘ಬಿ 27’ ಅಂತಿದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ದಾಟಿದ್ದರೆ ವಾಪಸ್ ಕಳಿಸಿ, ಸಂಕೋಚ ಬೇಡ. ಸೀಲ್ ತೆಗೆಸಿ, ಸೋರುತ್ತಿಲ್ಲ ಅಂತ ತೋರಿಸಲು ತಂದವರಿಗೇ ಹೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ.

ಎರಡನೆಯದು, ಹಾಕುವ ಕೆಲಸ

ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಂತಿರಬೇಕು. ಒಲೆ ಅದಕ್ಕಿಂತ ಎತ್ತರದಲ್ಲಿ, ಕಟ್ಟೆಯ ಮೇಲೆ ಇರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ಮೂಲೆಯಲ್ಲಿ, ಕಟ್ಟೆಯ ಕೆಳಗೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈಗ ಹೊಸ ಮನೆಗಳಲ್ಲಿ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಬಚ್ಚಿಡುವುದು ರೂಢಿಯಾಗಿದೆ. ನೋಡಲು ಚೆಂದ, ಆದರೆ ನನಗೆ ಒಪ್ಪಿಗೆ ಇಲ್ಲ. ಬೇಕೇ ಬೇಕು ಅಂದರೆ ಆ ಬಾಗಿಲಿಗೆ ನೆಲಮಟ್ಟದಲ್ಲೂ ಮೇಲೂ ಗಾಳಿ ಆಡುವ ಕಿಂಡಿ ಮಾಡಿಸಿ.

ಈಗ ಟ್ಯೂಬ್. ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದಿರುವ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನೇ ಗ್ಯಾಸ್ ಏಜೆನ್ಸಿಯಿಂದ ತನ್ನಿ. ಒಂದೂವರೆ ಮೀಟರ್ ಸಾಕು. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷಕ್ಕೆ ಬದಲಿಸಬೇಕು. ನೋಡಲು ಚೆನ್ನಾಗಿದೆ ಅಂತ ಏಳೆಂಟು ವರ್ಷ ಇಟ್ಟುಕೊಂಡವರನ್ನು ಕಂಡಿದ್ದೇನೆ. ರಬ್ಬರ್ ಹೊರಗಿನಿಂದ ಹೊಳೆಯುತ್ತಿದ್ದರೂ ಒಲೆಯ ಹತ್ತಿರದ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಬಗ್ಗಿಸಿ ನೋಡಿದರೆ ಮಾತ್ರ ಕಾಣುತ್ತದೆ. ಸಂತೆಯಲ್ಲಿ, ಪಾತ್ರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಬರೀ ರಬ್ಬರ್ ಟ್ಯೂಬ್ ಬೇಡವೇ ಬೇಡ. ಇಲಿ ಒಂದು ರಾತ್ರಿಯಲ್ಲಿ ಕಡಿದು ಹಾಕುತ್ತದೆ.

ಟ್ಯೂಬ್ ಸೇರಿಸುವಾಗ ಬಿಗಿ ಅನ್ನಿಸಿದರೆ ಕೆಲವರು ತುದಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡುತ್ತಾರೆ. ಹಾಗೆ ಮಾಡಿದ ತುದಿ ಸಡಿಲವಾಗುತ್ತದೆ. ಕೈಯಿಂದಲೇ ತಿರುವುತ್ತಾ, ನಳಿಕೆಯ ಬುಡ ಮುಟ್ಟುವವರೆಗೆ ಒತ್ತಿ. ಟ್ಯೂಬಿಗೆ ಬಟ್ಟೆ ಸುತ್ತುವುದು, ಪ್ಲಾಸ್ಟಿಕ್ ಕವರ್ ಹಾಕುವುದು ಬೇಡ. ಬಿರುಕು ಬಿಟ್ಟರೆ ಕಾಣಬೇಕಲ್ವಾ?

ರೆಗ್ಯುಲೇಟರ್ ಕೂರಿಸುವ ಮುಂಚೆ ಒಲೆಯ ಕಿವಿಗಳೆಲ್ಲ ಬಂದ್ ಆಗಿವೆಯಾ ನೋಡಿ. ದೇವರ ಪೀಠದ ಮೇಲೆ ಮೇಣದಬತ್ತಿ ಉರಿಯುತ್ತಿದ್ದರೆ ಆರಿಸಿ. ಇದನ್ನು ಹತ್ತು ಜನರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಕ್ಯಾಪ್ ತೆಗೆದ ಮೇಲೆ ವಾಲ್ವ್ ಒಳಗೆ ಬೆರಳು ಹಾಕಿ ನೋಡಿ. ಒಂದು ರಬ್ಬರ್ ಉಂಗುರ ತಗುಲಬೇಕು. ಅದು ಇಲ್ಲದಿದ್ದರೆ, ಹರಿದಿದ್ದರೆ, ಕ್ಯಾಪ್ ವಾಪಸ್ ಹಾಕಿ ಏಜೆನ್ಸಿಗೆ ಫೋನ್ ಮಾಡಿ. ಹಳೆ ಸಿಲಿಂಡರಿನ ಉಂಗುರವನ್ನು ಪಿನ್ನಿನಿಂದ ಕಿತ್ತು ಇದಕ್ಕೆ ಹಾಕುವವರಿದ್ದಾರೆ. ಅದನ್ನು ಮಾಡಬೇಡಿ. ಪಿನ್ನಿನ ಗೀರು ಸಾಕು ಸೋರಲು.

ರೆಗ್ಯುಲೇಟರಿನ ಸ್ವಿಚ್ ಆಫ್ ಇರಲಿ. ಕೆಳಗಿನ ಕಪ್ಪು ಬಳೆಯನ್ನು ಮೇಲೆತ್ತಿ ಹಿಡಿದು, ವಾಲ್ವ್ ಮೇಲೆ ನೆಟ್ಟಗೆ ಇಟ್ಟು, ಸ್ವಲ್ಪ ತಿರುವುತ್ತಾ ಒತ್ತಿ, ಬಳೆ ಬಿಡಿ. ಟಕ್ ಅಂತ ಶಬ್ದ ಬರಬೇಕು. ಆಮೇಲೆ ಮೇಲಕ್ಕೆ ಎಳೆದು ನೋಡಿ. ಕೈಗೆ ಬಂದರೆ ಅದು ಕೂತಿಲ್ಲ ಅಂತ ಅರ್ಥ. ಕ್ಯಾಪನ್ನು ಎಸೆಯಬೇಡಿ. ಅದರ ದಾರದಿಂದ ಸಿಲಿಂಡರಿಗೇ ಕಟ್ಟಿರಿ. ಸೋರಿದ ದಿನ ಸಿಲಿಂಡರಿನ ಬಾಯಿ ಮುಚ್ಚುವುದು ಅದೊಂದೇ.

ಮೂರನೆಯದು, ಸೋಪಿನ ನೀರು

ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ನೊರೆ ಬರಿಸಿ. ಒಲೆಯ ಕಿವಿ ಬಂದ್ ಇರಲಿ, ರೆಗ್ಯುಲೇಟರ್ ಮಾತ್ರ ಆನ್ ಮಾಡಿ. ಹಳೆ ಬ್ರಶ್ಶಿನಲ್ಲೋ ಬೆರಳಿನಲ್ಲೋ ನೊರೆಯನ್ನು ವಾಲ್ವ್ ಮತ್ತು ರೆಗ್ಯುಲೇಟರ್ ಕೂಡುವ ಕಡೆ, ಟ್ಯೂಬಿನ ಎರಡೂ ತುದಿಗೆ, ಟ್ಯೂಬಿನ ಉದ್ದಕ್ಕೂ ಹಚ್ಚಿ. ಅರ್ಧ ನಿಮಿಷ ಸುಮ್ನೆ ನೋಡುತ್ತಾ ಇರಿ. ಗುಳ್ಳೆ ಉಬ್ಬುತ್ತಾ ಬಂದರೆ ಅಲ್ಲಿ ಸೋರುತ್ತಿದೆ. ಬರದಿದ್ದರೆ ಒರೆಸಿ, ಒಲೆ ಹಚ್ಚಿ. ಬೆಂಕಿಕಡ್ಡಿ, ಲೈಟರ್, ಊದಿನಕಡ್ಡಿ, ಇವು ಯಾವುದೂ ಇದಕ್ಕೆ ಅಲ್ಲ.

ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡಿ. ಸಂಜೆ ಜಪದ ಕೊನೆಗೆ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ.

ವಾಸನೆ ಬಂದರೆ

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ನಮಗೆ ಗೊತ್ತಾಗಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ಮೂಗಿಗೆ ಬಡಿದ ಕೂಡಲೇ ಮನೆಯ ಬೆಂಕಿ ಎಲ್ಲ ಆರಿಸಿ, ಒಲೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ.

ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಬೆಳಗಿನ ಜಾವ ಎದ್ದು, ಏನೋ ವಾಸನೆ ಅಂತ ಲೈಟ್ ಹಾಕಿದಾಗಲೇ ಎಷ್ಟೋ ಅನಾಹುತ ಆಗಿರುವುದು. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗ್ಯಾಸ್ ಹೋಗುತ್ತದೆ ಅನ್ನುವವರಿದ್ದಾರೆ, ಅದೂ ತಪ್ಪು. ಫ್ರಿಜ್ ಬಾಗಿಲು ತೆಗೆದರೂ ಒಳಗಿನ ಲೈಟಿನ ಸ್ವಿಚ್ ಕೆಲಸ ಮಾಡುತ್ತದೆ. ಮೇನ್ ಸ್ವಿಚ್ ಮನೆಯ ಹೊರಗಿದ್ದರೆ ಮಾತ್ರ ಅದನ್ನು ಆರಿಸಿ. ರೆಗ್ಯುಲೇಟರ್ ಬಿಚ್ಚಿ ಆ ಕ್ಯಾಪ್ ಹಾಕಿ. ಮಕ್ಕಳು, ವಯಸ್ಸಾದವರನ್ನು ಹೊರಗೆ ಕಳಿಸಿ, ಬೀದಿಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ.

ಪಕ್ಕದ ಮನೆಗೂ ಕೂಗಿ ಹೇಳಿ. ಹಳೆ ದಾವಣಗೆರೆಯ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಬೆಂಕಿ ಹಚ್ಚಿದವನೇ ಸುಟ್ಟ ಬೆಳೆಯ ನಷ್ಟ ತುಂಬಿಕೊಡಬೇಕು ಅಂತ ವಿಮೋಚನಾಕಾಂಡ 22:6 ಹೇಳುತ್ತದೆ. ಬೆಳೆ ಸುಟ್ಟರೆ ತುಂಬಿಕೊಡಬಹುದು. ಪಕ್ಕದ ಮನೆಯ ಮಗುವನ್ನು ಹೇಗೆ ತುಂಬಿಕೊಡುವುದು?

ಎಣ್ಣೆ ಬಾಣಲೆ

ಮೆಣಸಿನಕಾಯಿ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಯ ತಳಕ್ಕೆ ಇಳಿದು ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿನ ತನಕ ಎಸೆಯುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆಯನ್ನು ಬದಿಯಿಂದ ಸರಿಸುತ್ತಾ ಮುಚ್ಚಿ. ಬಾಣಲೆ ಎತ್ತಿಕೊಂಡು ಓಡಬೇಡಿ. ಪೂರ್ತಿ ತಣ್ಣಗಾಗುವವರೆಗೆ ತಟ್ಟೆ ತೆಗೆಯಬೇಡಿ. ಕರಿಯಲು ಕೂರುವ ಮುಂಚೆಯೇ ತಟ್ಟೆ ಪಕ್ಕದಲ್ಲಿರಲಿ.

ಪೀಠ ಮತ್ತು ಗೋದಲಿ

ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋದವರು ಸೆಪ್ಟೆಂಬರ್ 8ರಂದು ಮೇಣದಬತ್ತಿ ತರುತ್ತಾರೆ. ಫೆಬ್ರವರಿ 2ರಂದು ಮಂತ್ರಿಸಿದ ಬತ್ತಿಗಳೂ ಮನೆಯಲ್ಲಿರುತ್ತವೆ. ಅವನ್ನು ಮರದ ಪೀಠದ ಅಂಚಿಗೆ, ಕರಗಿದ ಮೇಣದಲ್ಲೇ ಅಂಟಿಸಿ ನಿಲ್ಲಿಸುತ್ತೇವೆ. ಹಿಂದೆ ಪರದೆ, ಮುಂದೆ ಪ್ಲಾಸ್ಟಿಕ್ ಹೂವು. ಮೇಣ ಬಿಸಿಯಾದ ಮೇಲೆ ಬತ್ತಿ ವಾಲುತ್ತದೆ. ಅಗಲವಾದ ಸ್ಟೀಲ್ ತಟ್ಟೆಗೆ ಮರಳು ತುಂಬಿ, ಬತ್ತಿಯನ್ನು ಅದರಲ್ಲಿ ಊರಿ. ಜಪ ಮುಗಿದ ಕೂಡಲೇ ಆರಿಸಿ. ಆರಿಸಿದರೆ ಭಕ್ತಿಗೆ ಕೊರತೆ ಅನ್ನುವ ಅಳುಕು ಬೇಡ. ರಾತ್ರಿಯೆಲ್ಲ ಬೆಳಕು ಬೇಕೆಂದರೆ ಸಣ್ಣ ಎಲ್‌ಇಡಿ ಬಲ್ಬ್ ಹಾಕಿ.

ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಮನೆಯಲ್ಲಿ ಮಾಡುವ ಅಲಂಕಾರದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಭದ್ರಾ ನಾಲೆಯ ಕಡೆ ಆಗ ತಾನೇ ಭತ್ತ ಕೊಯ್ದಿರುತ್ತಾರೆ, ಒಣಹುಲ್ಲು ಸುಲಭವಾಗಿ ಸಿಗುತ್ತದೆ. ಅದನ್ನು ಹರಡಿ, ಮೇಲೆ ಹಿಮ ಬಿದ್ದ ಹಾಗೆ ಹತ್ತಿ ಹಾಕುತ್ತೇವೆ, ನಡುವೆ ಸೀರಿಯಲ್ ಲೈಟ್ ಹುದುಗಿಸುತ್ತೇವೆ. ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯಲ್ಲಿದ್ದರು. ಗೋದಾಮಿನ ಹತ್ತಿರ ಬೀಡಿ, ಬೆಂಕಿಪೊಟ್ಟಣ ಒಯ್ಯುವಂತಿರಲಿಲ್ಲ. ಹತ್ತಿ ಒಳಗೊಳಗೇ ಬೆಂಕಿ ಇಟ್ಟುಕೊಳ್ಳುತ್ತದೆ, ಆರಿತು ಅಂದುಕೊಂಡ ಮೇಲೆ ಮತ್ತೆ ಏಳುತ್ತದೆ ಅನ್ನುತ್ತಿದ್ದರು. ಗಿರಣಿಗಳ ಊರಿನವರಾದ ನಾವು ಗೋದಲಿಗೆ ಹತ್ತಿ ಹಾಕಬಾರದು. ಬಿಳಿ ರಂಗೋಲಿ ಪುಡಿ ಉದುರಿಸಿ, ಹಿಮ ಕಂಡ ಹಾಗೆಯೇ ಕಾಣುತ್ತದೆ. ಹುಲ್ಲು ಬಾಲಯೇಸುವಿನ ಕೆಳಗೆ ಒಂದು ಹಿಡಿ ಸಾಕು. ಲೈಟ್ ಹೊರಗಿನ ಚೌಕಟ್ಟಿಗೆ ಮಾತ್ರ ಇರಲಿ, ಹುಲ್ಲಿಗೆ ತಾಗಬಾರದು. ಗೋದಲಿಯೊಳಗೆ ಮೇಣದಬತ್ತಿ ಬೇಡ.

ರಸ್ತೆಬದಿಯ ಅಗ್ಗದ ಸೀರಿಯಲ್ ಲೈಟಿನ ವೈರ್ ಕೂದಲಿನಷ್ಟು ತೆಳ್ಳಗಿರುತ್ತದೆ. ತುಂಡಾದ ಕಡೆ ಕಚ್ಚಿ ತಿರುವಿ ಟೇಪ್ ಸುತ್ತಿದ್ದನ್ನು ಈ ವರ್ಷ ಎಸೆಯಿರಿ. ಮಧ್ಯರಾತ್ರಿಯ ಪೂಜೆಗೆ ಹೊರಡುವಾಗ ನಕ್ಷತ್ರ ಸಮೇತ ಎಲ್ಲ ಆರಿಸಿ. ಮನೆಯವರೆಲ್ಲ ಚರ್ಚಿನಲ್ಲಿರುವ ಹೊತ್ತು, ನೋಡಲು ಒಬ್ಬರೂ ಇರುವುದಿಲ್ಲ.

ಉಳಿದದ್ದು

ಆರು ಆಂಪ್ ಪ್ಲಗ್ಗಿನಲ್ಲಿ ಸುಮಾರು 1,380 ವ್ಯಾಟ್ ಮಾತ್ರ ಎಳೆಯಬಹುದು. ಬಕೆಟ್ಟಿಗೆ ಹಾಕುವ ಕಾಯಿಲ್ 1,500 ವ್ಯಾಟ್ ಇರುತ್ತದೆ. ಅದನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ. ಎಲೆಕ್ಟ್ರಿಷಿಯನ್ ಬಂದಾಗ, ಕರೆಂಟ್ ಸೋರಿದರೆ ತಾನಾಗಿಯೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಹೊರಗೆ ಹಾಕಿಸಿ. ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪುತ್ತಾರೆ.

ಮನೆ ಮನೆಗೆ ಬಂದು ಗ್ಯಾಸ್ ಉಳಿಸುವ ಬಿಲ್ಲೆ, ಜಾಲರಿ ಮಾರುವವರಿಗೆ ಬಾಗಿಲಲ್ಲೇ ಬೇಡ ಅನ್ನಿ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಐಎಸ್‌ಐ ಗುರುತಿನ ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ತನ್ನಿ. ಅದರ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿ ಇಟ್ಟು, ಹಿಡಿ ಒತ್ತಿ, ಅತ್ತಿತ್ತ ಆಡಿಸಿ. ಸಣ್ಣದು ಕೆಲವೇ ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಓಡಿ. ಅದನ್ನು ಒಲೆಯ ಪಕ್ಕ ಇಡಬೇಡಿ, ಅಡುಗೆಮನೆಯ ಬಾಗಿಲ ಹೊರಗೆ ತೂಗುಹಾಕಿ.

ಸುಟ್ಟರೆ ಬೆಣ್ಣೆ, ಟೂತ್‌ಪೇಸ್ಟ್, ಇಂಕು, ಐಸು ಯಾವುದೂ ಬೇಡ. ಹರಿಯುವ ನಲ್ಲಿ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಬಳೆ, ಉಂಗುರ ಊದುವ ಮುಂಚೆ ತೆಗೆಯಿರಿ. ಅಂಟಿದ ಬಟ್ಟೆ ಕೀಳದೆ, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ.

ಕೊನೆಗೆ ಗ್ರಿಲ್ ಬಾಗಿಲು. ರಾತ್ರಿ ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹೊಗೆ ತುಂಬಿದ ಕತ್ತಲಲ್ಲಿ ಯಾರ ದಿಂಬು ಅಂತ ಹುಡುಕುವುದು? ಬಾಗಿಲ ಪಕ್ಕ, ಹೊರಗಿನ ಕೈಗೆ ಸಿಗದ ಕಡೆ ಒಂದು ಮೊಳೆ ಹೊಡೆದು ಅಲ್ಲೇ ನೇತುಹಾಕಿ. ನಮ್ಮ ಮನೆಯ ಮೊಳೆ ಚರ್ಚಿನ ಕ್ಯಾಲೆಂಡರ್ ಕೆಳಗಿದೆ. ಕ್ಯಾಲೆಂಡರಿನ ಅಂಚಿಗೆ 1906, 101, 112 ಅಂತ ದಪ್ಪಗೆ ಬರೆದಿದ್ದೇನೆ. ಮೊಳೆಯ ಎತ್ತರ, ಏಳು ವರ್ಷದ ಮೊಮ್ಮಗಳು ಕೈ ಚಾಚಿದರೆ ಕೀಲಿ ಸಿಗುವಷ್ಟು.